ಮೇ ತಿಂಗಳ ಮರಿ: ನಾರ್ದರ್ನ್ ಡ್ಯಾನ್ಸರ್ ಮತ್ತು ಎತ್ತರದ ಲೆಕ್ಕ

ಕೆನಡಾದ ಉದ್ಯಮಿ ಇ.ಪಿ. ಟೇಲರ್ 1962ರಲ್ಲಿ ತಮ್ಮ ವಿಂಡ್‌ಫೀಲ್ಡ್ಸ್ ಫಾರ್ಮಿನ ಒಂದು ವರ್ಷದ ಕುದುರೆಮರಿಗಳಿಗೆ ಮೊದಲೇ ಬೆಲೆ ಗೊತ್ತುಮಾಡಿ ಮಾರಾಟಕ್ಕಿಟ್ಟರು. ನಾರ್ದರ್ನ್ ಡ್ಯಾನ್ಸರ್ ಎಂಬ ಗಂಡುಮರಿಗೆ 25,000 ಡಾಲರ್. ಬಂದವರು ನೋಡಿದರು, ಗಿಡ್ಡವಾಯಿತೆಂದು ಬಿಟ್ಟುಹೋದರು. ಹಾಗೆ ಉಳಿದ ಮರಿಯೇ ಅಮೆರಿಕದ ಹೆಸರಾದ ಕುದುರೆ ಓಟವಾದ ಕೆಂಟಕಿ ಡರ್ಬಿಯನ್ನು 1964ರಲ್ಲಿ ಸರಿಯಾಗಿ ಎರಡು ನಿಮಿಷದಲ್ಲಿ ಓಡಿ, ಹೊಸ ದಾಖಲೆಯೊಂದಿಗೆ ಗೆದ್ದಿತು. ಕಣ್ಣಳತೆಯನ್ನು ನಂಬಬಾರದು ಎನ್ನುವವರು ಈ ಪ್ರಸಂಗವನ್ನೇ ಎತ್ತಿ ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಅವರ ಕಣ್ಣು ಎತ್ತರವನ್ನು ಸರಿಯಾಗಿಯೇ ಅಳೆದಿತ್ತು; ಯಾವ ಮರಿಗಳ ಪಕ್ಕದಲ್ಲಿಟ್ಟು ಅಳೆದರು ಎಂಬಲ್ಲಿ ತೊಡಕಿದೆ.

ಈ ಮರಿಯ ತಾಯಿ ನಟಾಲ್ಮಾ 1960ರ ವಸಂತದಲ್ಲಿ ಇನ್ನೂ ರೇಸಿನಲ್ಲಿತ್ತು. ಮಂಡಿಗೆ ಪೆಟ್ಟಾಗಿ ಓಟ ನಿಂತ ಮೇಲೆ, ಗಬ್ಬ ಕಟ್ಟಿಸುವ ಕಾಲ ಮುಗಿಯುತ್ತ ಬಂದಿದ್ದರೂ, ನಿಯರ್ಕ್ಟಿಕ್ ಎಂಬ ಗಂಡುಕುದುರೆಯೊಡನೆ ಕೂಡಿಸಿದರು. ಕುದುರೆಯ ಗಬ್ಬ ಸುಮಾರು ಹನ್ನೊಂದು ತಿಂಗಳು. ಮರಿ ಹುಟ್ಟಿದ್ದು 1961ರ ಮೇ 27ರಂದು. ಉತ್ತರ ಗೋಳಾರ್ಧದಲ್ಲಿ ಎಲ್ಲ ಥರೋಬ್ರೆಡ್ (ರೇಸಿನ ತಳಿಯ) ಕುದುರೆಗಳಿಗೂ ಜನವರಿ 1ರಂದೇ ವಯಸ್ಸು ಒಂದು ವರ್ಷ ಏರುತ್ತದೆ. ಹೀಗಾಗಿ ಫೆಬ್ರವರಿಯ ಮರಿಯೂ ಮೇ ಕೊನೆಯ ಮರಿಯೂ ಮಾರಾಟದಲ್ಲಿ ಒಂದೇ ವಯಸ್ಸಿನವು. ಎಳೆಯ ಮರಿ ಬೆಳೆಯುವ ವೇಗಕ್ಕೆ ಮೂರು ತಿಂಗಳ ಅಂತರ ಎದ್ದು ಕಾಣುತ್ತದೆ. ಡರ್ಬಿ ನಡೆದದ್ದು 1964ರ ಮೇ 2ರಂದು: ಮೂರು ವರ್ಷದ ಕುದುರೆಗಳ ಓಟವನ್ನು ಗೆದ್ದಾಗ ನಾರ್ದರ್ನ್ ಡ್ಯಾನ್ಸರ್‌ಗೆ ಮೂರು ತುಂಬಲು ಇನ್ನೂ 25 ದಿನ ಬಾಕಿ ಇತ್ತು! ಆದರೂ ಹುಟ್ಟಿದ ದಿನವೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಪೂರ್ತಿ ಬೆಳೆದ ಮೇಲೂ ಅದರ ಎತ್ತರ ಸುಮಾರು 15.2 ಹ್ಯಾಂಡ್, ಅಂದರೆ 157 ಸೆಂಟಿಮೀಟರ್ ಮಾತ್ರ.

ಹಾಗಾದರೆ ಮರಿಯಲ್ಲಿ ಏನನ್ನು ನೋಡಬೇಕು? ಅನುಭವಿಗಳು ಮೊದಲು ಕಾಲಿಗೇ ಬರುತ್ತಾರೆ. ಮರಿಯನ್ನು ಸಮನೆಲದ ಮೇಲೆ ನಿಲ್ಲಿಸಿ ಎದುರಿನಿಂದ ನೋಡಿದಾಗ, ಭುಜದ ತುದಿಯಿಂದ ಇಳಿಬಿಟ್ಟ ಗೆರೆ ಮಂಡಿ, ಗೊರಸಿನ ಮೇಲಿನ ಗಂಟು, ಗೊರಸು ಮೂರನ್ನೂ ನಡುವೆ ಹಾಯ್ದುಹೋಗಬೇಕು. ಪಕ್ಕದಿಂದ ನೋಡಿದಾಗ ಮಂಡಿ ಹಿಂದಕ್ಕೆ ಬಾಗಿರಬಾರದು. ಬಾಗಿದ್ದರೆ ಓಟದ ಹೊಡೆತ ಮಂಡಿಯ ಮುಂಭಾಗದ ಸಣ್ಣ ಎಲುಬುಗಳ ಮೇಲೆ ಬೀಳುತ್ತದೆ. ಆಮೇಲೆ ನಡೆಸುತ್ತಾರೆ. ಹಿಂಗಾಲು ಮುಂಗಾಲಿನ ಹೆಜ್ಜೆಗುರುತನ್ನು ದಾಟಿ ಬಿದ್ದರೆ ಒಳ್ಳೆಯ ಲಕ್ಷಣ. ಗೊರಸಿನ ಮೇಲಿನ ಗಂಟಿನ ಬಳಿ ಎಲುಬಿನ ಬೆಳವಣಿಗೆ ಮೊದಲ ಕೆಲವು ತಿಂಗಳಲ್ಲೇ ಬಹುಪಾಲು ಮುಗಿಯುವುದರಿಂದ, ಅಲ್ಲಿನ ಓರೆಯನ್ನು ಬೇಗ ಗುರುತಿಸುವುದು ಮುಖ್ಯ. ಕಾಲಿನ ದೋಷವೂ ಅಪಾಯದ ಸೂಚನೆಯಷ್ಟೇ. ಬಲ ಮುಂಗಾಲು ಹೊರಗೆ ತಿರುಗಿದ್ದ ಸಿಯಾಟಲ್ ಸ್ಲೂ 1975ರಲ್ಲಿ 17,500 ಡಾಲರಿಗೆ ಮಾರಾಟವಾಗಿ, 1977ರಲ್ಲಿ ಅಮೆರಿಕದ ಮೂರು ದೊಡ್ಡ ಓಟಗಳ ಟ್ರಿಪಲ್ ಕ್ರೌನ್ ಗೆದ್ದಿತು.

ವಂಶಾವಳಿಯ ಮೇಲಿನ ಭರವಸೆಗೂ ಮಿತಿಯಿದೆ. ಯಾರೂ ಕೊಳ್ಳದ ನಾರ್ದರ್ನ್ ಡ್ಯಾನ್ಸರ್‌ನ ಮಗ ಸ್ನಾಫಿ ಡ್ಯಾನ್ಸರ್ 1983ರಲ್ಲಿ ಕೀನ್‌ಲ್ಯಾಂಡ್ ಹರಾಜಿನಲ್ಲಿ 1.02 ಕೋಟಿ ಡಾಲರಿಗೆ ಹೋಯಿತು. ಒಂದು ರೇಸನ್ನೂ ಓಡಲಿಲ್ಲ. ಆದರೆ ಇವೆಲ್ಲ ಹೆಸರಾದ ಅಪವಾದಗಳು. ಗಿಡ್ಡವೆಂದು ಬಿಟ್ಟು, ನಿಜಕ್ಕೂ ಓಡದೇ ಹೋದ ಮರಿಗಳ ಕತೆಯನ್ನು ಯಾರೂ ಬರೆದಿಡುವುದಿಲ್ಲವಾದ್ದರಿಂದ, ಇವುಗಳಿಂದ ನಿಯಮ ಕಟ್ಟುವುದು ಸಲ್ಲದು.

ಭಾರತದಲ್ಲೂ ವಯಸ್ಸಿನ ಲೆಕ್ಕ ಜನವರಿ 1ರದೇ. ಆದರೆ ಮುಂಬೈಯ ಇಂಡಿಯನ್ ಡರ್ಬಿ ಫೆಬ್ರವರಿಯಲ್ಲಿ, ನಾಲ್ಕು ವರ್ಷದ ಕುದುರೆಗಳಿಗೆ ನಡೆಯುತ್ತದೆ. ಅಂದರೆ ತಡವಾಗಿ ಹುಟ್ಟಿದ ಮರಿಗೆ ಇಲ್ಲಿ ಕೆಂಟಕಿಗಿಂತ ಒಂಬತ್ತು ತಿಂಗಳು ಹೆಚ್ಚು ಬೆಳೆಯಲು ಸಿಗುತ್ತದೆ. ಇಲ್ಲಿನ ಕುದುರೆ ಫಾರ್ಮುಗಳಲ್ಲಿ ಏಪ್ರಿಲ್-ಮೇ ಮರಿಯನ್ನು ನೋಡುವವರು ಎತ್ತರದ ಜೊತೆಗೆ ಹುಟ್ಟಿದ ದಿನವನ್ನೂ ಬರೆದುಕೊಂಡು, ಅದನ್ನು ಅದೇ ತಿಂಗಳ ಮರಿಗಳೊಡನೆ ಮಾತ್ರ ಹೋಲಿಸಬೇಕು.