ಅರಗಿನ ಕೆಂಪು ಯಾರದು?

ತುಮಕೂರು ಬಳಿಯ ದೇವರಾಯನದುರ್ಗದ ಕಾಡಿನಲ್ಲಿ ಬೆಳೆಯುವ ಜಾಲಾರಿ ಮರಕ್ಕೂ ಅರಗಿಗೂ ಹಳೆಯ ನಂಟು. ಸಸ್ಯವಿಜ್ಞಾನಿಗಳು ಒಮ್ಮೆ ಅದಕ್ಕೆ ‘ವ್ಯಾಟಿಕಾ ಲ್ಯಾಕ್ಸಿಫೆರಾ’, ಅಂದರೆ ಅರಗು ಹೊರುವ ಮರ ಎಂದೇ ಹೆಸರಿಟ್ಟಿದ್ದರು. ಮರದ ರಸ ಹೀರುವ ಪುಟ್ಟ ಹುಳು ತನ್ನ ಮೈಸುತ್ತ ಒಸರಿಸುವ ಅಂಟೇ ಅರಗು. ಕುಣಿಗಲ್ ದಾಟಿ ಚನ್ನಪಟ್ಟಣಕ್ಕೆ ಹೋದರೆ ಬೊಂಬೆಗಳ ಮೇಲೆ ಮಿರುಗುವುದೂ ಅದೇ. ಹುಳುವಿನ ಮೈಯಲ್ಲಿ ಕೆಂಪು ಬಣ್ಣವೂ ಇದೆ. ರೇಷ್ಮೆ, ಉಣ್ಣೆಗೆ ಅದನ್ನು ಹಾಕುವುದು ಪುರಾತನ ಕಸುಬು.

ಆದರೆ ಈ ಕೆಂಪು ಹುಳುವಿನದೇ? ಹೈದರಾಬಾದಿನ ಎಸ್. ಮಹ್ದಿಹಸನ್ 1923ರಲ್ಲಿ ಅರಗಿನ ಹುಳುಗಳನ್ನು ವರ್ಗೀಕರಿಸಿದರು. ಒಂದು ಹುಳುವಿಗೆ ‘ಮೈಸೊರೆನ್ಸಿಸ್’ ಎಂಬ ಹೆಸರು ಬಂದದ್ದು ಅವರಿಂದ. 1929ರಲ್ಲಿ ಅವರು ಕೆಂಪು ಮತ್ತು ಹಳದಿ ಹುಳುಗಳೊಳಗಿನ ಸೂಕ್ಷ್ಮಜೀವಿಗಳ ಬಗ್ಗೆ ಬರೆದರು. ಆದರೆ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಜೀನುಗಳಲ್ಲಿ ಹುಡುಕಿ ನೋಡುವ ಉಪಾಯ ಅಂದು ಇರಲಿಲ್ಲ.

ಹತ್ತಿರ ಹತ್ತಿರ ನೂರು ವರ್ಷ ಕಳೆದು, 2025ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಉತ್ತರ ಬಂತು. ಹುಳುವಿನೊಳಗೆ ವೋಲ್‌ಬಾಕಿಯಾ ಎಂಬ ಬ್ಯಾಕ್ಟೀರಿಯಾ, ಜತೆಗೆ ಯೀಸ್ಟ್‌ನಂಥ ಶಿಲೀಂಧ್ರ ಸಹಜೀವಿಗಳಾಗಿ ವಾಸಿಸುತ್ತವೆ. ಬಣ್ಣ ತಯಾರಿಸುವ ಜೀನುಗಳಿರುವುದು ಶಿಲೀಂಧ್ರದಲ್ಲಿ, ಹುಳುವಿನಲ್ಲಲ್ಲ. ಶಿಲೀಂಧ್ರನಾಶಕ ಹಾಕಿದಾಗ ಬಣ್ಣ ಕುಂದಿತು, ಹುಳುವೂ ಸೊರಗಿತು. ಈ ಶಿಲೀಂಧ್ರ ತಾಯಿಯಿಂದ ಮರಿಗೆ ಮೊಟ್ಟೆಯೊಳಗೇ ದಾಟುತ್ತದೆ.