ಬಾವುಟದ ರೊಕ್ಕ ಯಾರ ಮನಿಗೆ?

ರೈತ ಬಂಧುಗಳೇ, ಬಾವುಟ ಕೊಳ್ಳೋ ಮುಂಚೆ ಅದರ ಬಟ್ಟೆ ಮುಟ್ಟಿ ನೋಡ್ರಿ ಅಂತ ನಾನು ಹೇಳತಿರತೀನಿ. ಅದಕ್ಕೊಂದು ಇತಿಹಾಸ ಐತಿ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿತು. ಮುಂದೆ ಬಿಐಎಸ್ ಮುದ್ರೆಯ ರಾಷ್ಟ್ರಧ್ವಜ ಅಲ್ಲೇ ತಯಾರಾಯಿತು. ಅಲ್ಲಿ ಒಂದು ಧ್ವಜ ಮಾರಿದರ ಹತ್ತಿ ಬೆಳೆದವರು, ನೂಲುವ ಹೆಣ್ಣುಮಕ್ಕಳು, ನೇಕಾರರು, ಬಣ್ಣ ಹಾಕುವವರು, ಹೊಲಿಯುವವರು ಎಲ್ಲರಿಗೂ ಪಾಲು. ಆ ರೊಕ್ಕ ತಿರುಗಿ ನಮ್ಮಂಥ ಊರಿನ ಸಂತಿಗೇ ಬರತೈತಿ.

2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಪಾಲಿಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಅದನ್ನೂ ದೇಶದೊಳಗೇ ಹೊಲಿಯಬಹುದು. ಆದರ ಪಾಲಿಸ್ಟರ್ ಹೊಲದಾಗ ಬೆಳೆಯಂಗಿಲ್ಲ. ಅದರ ಮೂಲ ಕಚ್ಚಾತೈಲ. ಅದರಾಗ ಹೆಚ್ಚಿನಪಾಲು ಹೊರದೇಶದ್ದು.

ಖಾದಿ ತುಟ್ಟಿ, ಖರೆ. ಆದರ ಹತ್ತಿಗೆ ರೇಟಿಲ್ಲ ಅನ್ನೋ ನಾವೇ ಹತ್ತಿ ಬಾವುಟ ಕೊಳ್ಳದಿದ್ದರ, ಮತ್ಯಾರು ಕೊಳ್ಳತಾರ್ರೀ?