ಜಂಜಿಬಾರಿನ ಫರ್ರೋಖ್, ಲಂಡನ್ನಿನ ‘ಕ್ವೀನ್’

ನಮ್ಮ ಗೋದಾಮಿನಲ್ಲಿ ಒಬ್ಬ ಒಮಾನಿ ಹಿರಿಯರಿದ್ದಾರೆ. ನಮ್ಮ ಜೊತೆ ಅರಬ್ಬಿ, ಹಿಂದಿ ಕಲಸಿ ಮಾತಾಡುತ್ತಾರೆ. ಮನೆಯಿಂದ ಫೋನ್ ಬಂತೆಂದರೆ ಸ್ವಾಹಿಲಿ ಶುರು. ಮಸ್ಕತ್‌ನಲ್ಲಿ ನಾಲ್ಕು ವರ್ಷ ಕಳೆದವರಿಗೆ ಇದೇನೂ ಹೊಸದಲ್ಲ. ಜಂಜಿಬಾರ್ ಬಿಟ್ಟು ವಾಪಸ್ ಬಂದ ಕುಟುಂಬಗಳು ಇಲ್ಲಿ ಸಾಕಷ್ಟಿವೆ. ಒಂದು ದಿನ ಬರ್ಕಾ ಕಡೆಗೆ ಸಾಮಾನು ತಗೊಂಡು ಹೋಗುವಾಗ ಪಿಕಪ್ಪಿನ ರೇಡಿಯೋದಲ್ಲಿ ಒಂದು ಇಂಗ್ಲಿಷ್ ಹಾಡು ಬಂತು. ಹಿರಿಯರು ದನಿ ಏರಿಸಿ, “ಇವನು ನಮ್ಮೂರವನು” ಅಂದರು. ನಾನು ನಕ್ಕೆ. ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ ಲಂಡನ್ನಿನವನು ಅಂತ ಯಾರಿಗೆ ಗೊತ್ತಿಲ್ಲ?

ಗೊತ್ತಿಲ್ಲದವನು ನಾನೇ ಆಗಿದ್ದೆ. ಆಮೇಲೆ ಓದುತ್ತಾ ಹೋದಂತೆ ಆ ಮನುಷ್ಯ ಅವರಿಗೆ ಎಷ್ಟು ಹತ್ತಿರವೋ ನನಗೂ ಅಷ್ಟೇ ಹತ್ತಿರದವನಾದ. ಮಲಯಾಳಿ ಗೆಳೆಯರು, ಫಿಲಿಪಿನೋ ಗೆಳೆಯರು ಕರೋಕೆಯಲ್ಲಿ ಇವರ ಹಾಡು ಹಾಡುವಾಗ ನಾವು ಮೂಲೆಯಲ್ಲಿ ಚಹಾ ಹಿಡಿದು ಕೂತಿರುತ್ತೇವಲ್ಲ, ಆ ಹಾಡಿನ ಹಿಂದೆ ನಮ್ಮಂಥದೇ ಒಂದು ಮನೆಯ ಕಥೆ ಇದೆ.

ಮೊದಲು ಜಂಜಿಬಾರ್. 19ನೇ ಶತಮಾನದಲ್ಲಿ ಒಮಾನಿನ ಸುಲ್ತಾನ ಸಯೀದ್ ಬಿನ್ ಸುಲ್ತಾನ್ ತನ್ನ ದರ್ಬಾರನ್ನೇ ಮಸ್ಕತ್‌ನಿಂದ ಆ ದ್ವೀಪಕ್ಕೆ ಒಯ್ದ. ಲವಂಗದ ತೋಟ, ಆನೆದಂತ, ಜೊತೆಗೆ ಗುಲಾಮರ ವ್ಯಾಪಾರ. ಆ ವ್ಯವಹಾರದ ಹಿಂದೆ ಗುಜರಾತಿನ ವ್ಯಾಪಾರಿಗಳು ಹೋದರು. 1890ರಲ್ಲಿ ಬ್ರಿಟಿಷರ ರಕ್ಷಣೆಗೆ ಬಂದ ಮೇಲೆ ಲೆಕ್ಕ ಬರೆಯುವವರು, ಗುಮಾಸ್ತರು ಹೋದರು. ಬೋಮಿ ಬುಲ್ಸಾರಾ ಅಂಥವರಲ್ಲೊಬ್ಬರು, ಪಾರ್ಸಿ. ಗುಜರಾತಿನ ಬುಲ್ಸಾರ್ ಊರೇ ಮನೆತನದ ಹೆಸರಾಗಿತ್ತು, ಈಗ ಆ ಊರನ್ನು ವಲ್ಸಾಡ್ ಅನ್ನುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಕ್ಯಾಷಿಯರ್ ಕೆಲಸ. 1946ರ ಸೆಪ್ಟೆಂಬರ್ 5ರಂದು ಸ್ಟೋನ್ ಟೌನಿನಲ್ಲಿ ಹುಟ್ಟಿದ ಮಗನಿಗೆ ಇಟ್ಟ ಹೆಸರು ಫರ್ರೋಖ್.

ಮಗನಿಗೆ ಎಂಟು ವರ್ಷವಾದಾಗ ಅಪ್ಪ ಅಮ್ಮ ಅವನನ್ನು ಹಡಗು ಹತ್ತಿಸಿ ಓದಲು ಕಳಿಸಿದ್ದು ಎಲ್ಲಿಗೆ ಗೊತ್ತೇನ್ರಿ? ಪಂಚಗಣಿಗೆ. ಮಹಾಬಳೇಶ್ವರದ ಪಕ್ಕದ ಊರು. ನಮ್ಮ ಜಮಖಂಡಿ ಸೀಮೆಗೆ ನೀರು ಕೊಡುವ ಕೃಷ್ಣೆ ಹುಟ್ಟುವುದೇ ಆ ಗುಡ್ಡದಲ್ಲಿ. ಸೇಂಟ್ ಪೀಟರ್ಸ್ ಎಂಬ ವಸತಿ ಶಾಲೆ. ಅಲ್ಲಿ ಪಿಯಾನೊ ಕಲಿತ, ‘ದಿ ಹೆಕ್ಟಿಕ್ಸ್’ ಅಂತ ಐದು ಹುಡುಗರ ಒಂದು ಬ್ಯಾಂಡ್ ಕಟ್ಟಿದರು. ಆಗ ಆತ ಮುಂದೆ ನಿಂತು ಹಾಡುವವನಲ್ಲ, ಪಕ್ಕದಲ್ಲಿ ಪಿಯಾನೊ ನುಡಿಸುವವನು. ಕ್ಲಿಫ್ ರಿಚರ್ಡ್, ಲಿಟಲ್ ರಿಚರ್ಡ್ ಹಾಡುಗಳು. ಫರ್ರೋಖ್ ಅನ್ನುವುದು ಫ್ರೆಡ್ಡಿ ಆದದ್ದು ಅಲ್ಲೇ. ಎಂಟು ವರ್ಷದ ಹುಡುಗ ಮನೆ ಬಿಟ್ಟು ಸಮುದ್ರದಾಚೆ ಇರುವುದು ಎಂದರೇನು ಅಂತ ಇಲ್ಲಿ ಓದುವ ಅಪ್ಪಂದಿರಿಗೆ ಬೇರೆ ಹೇಳಬೇಕಾಗಿಲ್ಲ. ನಮ್ಮದು ಉಲ್ಟಾ, ಮಕ್ಕಳು ಊರಲ್ಲಿ, ನಾವು ಸಮುದ್ರದಾಚೆ.

1963ರಲ್ಲಿ ಹುಡುಗ ಜಂಜಿಬಾರಿಗೆ ಮರಳಿದ. 1964ರ ಜನವರಿ 12ಕ್ಕೆ ಅಲ್ಲಿ ಕ್ರಾಂತಿಯಾಯಿತು. ಸುಲ್ತಾನ ಜಂಶಿದ್ ಗದ್ದುಗೆ ಬಿಟ್ಟು ಓಡಿಹೋದ. ಅರಬ್ಬರು, ಭಾರತೀಯರು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಬುಲ್ಸಾರಾ ಕುಟುಂಬ ಕೈಗೆ ಸಿಕ್ಕಿದ್ದನ್ನು ಹಿಡಿದು ಇಂಗ್ಲೆಂಡಿಗೆ ಹೊರಟಿತು. ಸುಲ್ತಾನನೂ ಸೇರಿದ್ದು ಇಂಗ್ಲೆಂಡನ್ನೇ. ಆತನಿಗೆ ಒಮಾನಿಗೆ ಬರಲು ಅವಕಾಶ ಸಿಕ್ಕಿದ್ದು 2020ರಲ್ಲಿ. ಅರಸನೂ ಕ್ಯಾಷಿಯರನೂ ಒಂದೇ ಏಟಿಗೆ ಊರು ಕಳಕೊಂಡರು.

ಇಲ್ಲಿ ಒಂದು ಕಾಗದದ ಮಾತಿದೆ, ನಾವು ವೀಸಾ ಮಂದಿ ಗಮನಿಸಬೇಕಾದ್ದು. ಪೂರ್ವ ಆಫ್ರಿಕಾದ ಅನೇಕ ಭಾರತೀಯರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು, 1964ರಲ್ಲಿ ಅದಕ್ಕೆ ಬೆಲೆಯೂ ಇತ್ತು. ನಾಲ್ಕೇ ವರ್ಷದಲ್ಲಿ, ಕೀನ್ಯಾದಿಂದ ಭಾರತೀಯರು ಬರತೊಡಗಿದಾಗ, ಬ್ರಿಟನ್ ಸಂಸತ್ತು ಕೆಲವೇ ದಿನಗಳಲ್ಲಿ ಕಾಯ್ದೆ ಮಾಡಿ ಬಾಗಿಲು ಹಾಕಿತು. ತಂದೆ ತಾಯಿ ಅಥವಾ ಅಜ್ಜ ಅಜ್ಜಿಯ ಕಡೆಯಿಂದ ಬ್ರಿಟನ್ನಿನ ನಂಟಿಲ್ಲದವರಿಗೆ ಅದೇ ಪಾಸ್‌ಪೋರ್ಟ್ ಇದ್ದರೂ ಒಳಗೆ ಬರುವ ಹಕ್ಕು ಹೋಯಿತು. ಕ್ರಾಂತಿ ನಾಲ್ಕು ವರ್ಷ ತಡವಾಗಿದ್ದರೆ ಕ್ವೀನ್ ಅನ್ನುವ ಬ್ಯಾಂಡೇ ಇರುತ್ತಿರಲಿಲ್ಲವೇನೋ!

ಮನೆ ಮಾಡಿದ್ದು ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿ, ಹೀಥ್ರೂ ವಿಮಾನ ನಿಲ್ದಾಣದ ಪಕ್ಕ. ಜಂಜಿಬಾರಿನಲ್ಲಿ ಮನೆಗೆಲಸಕ್ಕೆ ಆಳುಗಳಿದ್ದ ಕುಟುಂಬ. ಇಲ್ಲಿ ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗಬೇಕಾಯಿತು. ಮಗ ಹೀಥ್ರೂದಲ್ಲಿ ಬ್ಯಾಗು ಹೊತ್ತಿದ್ದಾನೆ. ನಮ್ಮ ವೇದಿಕೆಯಲ್ಲಿ ಏರ್‌ಪೋರ್ಟ್ ಕೆಲಸದವರು ಹತ್ತಾರು ಮಂದಿ ಇದ್ದೀರಿ, ಈ ಸಾಲು ನಿಮಗಾಗಿಯೇ ಬರೆದದ್ದು. ಈಲಿಂಗ್ ಕಲಾಶಾಲೆಯಲ್ಲಿ ಗ್ರಾಫಿಕ್ ವಿನ್ಯಾಸ ಓದಿ 1969ರಲ್ಲಿ ಡಿಪ್ಲೊಮಾ ಪಡೆದ. ಕೆನ್ಸಿಂಗ್ಟನ್ ಮಾರ್ಕೆಟ್ಟಿನಲ್ಲಿ ಹಳೇ ಬಟ್ಟೆ ಮಾರುವ ಮಳಿಗೆ ನಡೆಸಿದ, ಜೊತೆಗಾರ ಡ್ರಮ್ಮರ್ ರೋಜರ್ ಟೇಲರ್.

ಆ ಟೇಲರ್ ಮತ್ತು ಗಿಟಾರಿನ ಬ್ರಯಾನ್ ಮೇ ‘ಸ್ಮೈಲ್’ ಎಂಬ ಬ್ಯಾಂಡಿನಲ್ಲಿದ್ದರು. 1970ರಲ್ಲಿ ಅದರ ಹಾಡುಗಾರ ಬಿಟ್ಟುಹೋದ, ಫ್ರೆಡ್ಡಿ ಸೇರಿದ. ಸೇರಿದವನೇ ಬ್ಯಾಂಡಿಗೆ ‘ಕ್ವೀನ್’ ಅಂತ ಹೆಸರಿಟ್ಟ, ತನಗೆ ‘ಮರ್ಕ್ಯುರಿ’ ಅಂತ ಇಟ್ಟುಕೊಂಡ. ಬ್ಯಾಂಡಿನ ಲಾಂಛನವನ್ನೂ ಆತನೇ ಬರೆದ: ನಾಲ್ವರ ರಾಶಿಗಳು, ಎರಡು ಸಿಂಹ, ಒಂದು ಏಡಿ, ಕನ್ಯಾರಾಶಿಯ ತನಗೆ ಇಬ್ಬರು ಕಿನ್ನರಿಯರು. 1971ರಲ್ಲಿ ಬಾಸ್ ಗಿಟಾರಿನ ಜಾನ್ ಡೀಕನ್ ಬಂದ ಮೇಲೆ ಮೇಳ ಪೂರ್ತಿಯಾಯಿತು. ಮೇ ಖಗೋಳ ಭೌತಶಾಸ್ತ್ರದ ವಿದ್ಯಾರ್ಥಿ. ಆ ಓದನ್ನು ನಡುವೆ ಬಿಟ್ಟು, ಮುಗಿಸಿ ಡಾಕ್ಟರೇಟ್ ಪಡೆದದ್ದು 2007ರಲ್ಲಿ. ಅವರ ಗಿಟಾರನ್ನು ಅವರೂ ಅವರ ತಂದೆಯೂ ಸೇರಿ ಮನೆಯಲ್ಲೇ ಮಾಡಿದ್ದರು. ಹಳೇ ಬೆಂಕಿಗೂಡಿನ ಮರ, ಹಳೇ ಮೋಟಾರ್‌ಸೈಕಲ್ಲಿನ ಸ್ಪ್ರಿಂಗು. ತಂತಿ ಮೀಟುವುದು ಆರು ಪೆನ್ನಿಯ ನಾಣ್ಯದಿಂದ. ದುಡ್ಡಿಲ್ಲದವನ ಕೈಚಳಕ ಅಂದರೆ ಇದು.

ಆಗ ಬ್ರಿಟನ್ನಿನಲ್ಲಿ ‘ಗ್ಲಾಮ್ ರಾಕ್’ ಕಾಲ. ಡೇವಿಡ್ ಬೋವಿ, ಮಾರ್ಕ್ ಬೋಲನ್ ಮುಂತಾದವರು ಮುಖಕ್ಕೆ ಬಣ್ಣ, ಕಣ್ಣಿಗೆ ಕಾಡಿಗೆ, ಮಿಂಚುವ ಬಟ್ಟೆ ಹಾಕಿ ರಂಗಕ್ಕೆ ಬರುತ್ತಿದ್ದರು. ಕ್ವೀನ್ ಅದನ್ನು ತಗೊಂಡು ಇನ್ನೂ ದೊಡ್ಡದು ಮಾಡಿತು. ಜಾಂಡ್ರಾ ರೋಡ್ಸ್ ಹೊಲಿದುಕೊಟ್ಟ ಬಿಳಿ ನೆರಿಗೆಯ ರೆಕ್ಕೆ ಅಂಗಿ ಹಾಕಿ ಫ್ರೆಡ್ಡಿ ಕೈ ಚಾಚಿದರೆ ಹಕ್ಕಿ ಕಂಡಂತೆ. ನಮ್ಮ ಕಡೆ ಕಂಪನಿ ನಾಟಕ ನೋಡಿದವರಿಗೆ ಈ ಸಂಭ್ರಮ ಅರ್ಥವಾಗುತ್ತದೆ. ಮುಂಬಯಿಯ ಪಾರ್ಸಿ ನಾಟಕ ಕಂಪನಿಗಳ ಪರದೆ, ಝಗಮಗ, ಹಾಡುಗಾರಿಕೆಯ ನೆರಳು ನಮ್ಮ ಕಂಪನಿಗಳ ಮೇಲೂ ಬಿದ್ದಿತ್ತು. ಹಾಗಂತ ಪಾರ್ಸಿ ಹುಡುಗನ ರಕ್ತದಲ್ಲೇ ಅದು ಬಂತು ಅನ್ನುವ ಮಾತಿಗೆ ನಾನು ಹೋಗುವುದಿಲ್ಲ. ರಕ್ತದಲ್ಲಿ ನಾಟಕ ಇರುವುದಿಲ್ಲ, ಕಲಿಯಬೇಕು. ಅವನು ಕಲಿತ.

1975ಕ್ಕೆ ಬರೋಣ. ಹಾಡುಗಳು ಗೆದ್ದಿದ್ದವು, ‘ಕಿಲ್ಲರ್ ಕ್ವೀನ್’ ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ಏರಿತ್ತು. ಕೈಯಲ್ಲಿ ಕಾಸಿಲ್ಲ. ಆಗಿನ ವ್ಯವಸ್ಥಾಪಕರ ಜೊತೆಗಿನ ಒಪ್ಪಂದದಂತೆ ಒಬ್ಬೊಬ್ಬರಿಗೆ ವಾರಕ್ಕೆ 60 ಪೌಂಡ್ ಸಂಬಳ. ದುಡಿದದ್ದು ಯಾರ ಜೇಬಿಗೆ ಹೋಯಿತು ಅನ್ನುವ ಜಗಳ ಮಾಡಿಯೇ ಅಲ್ಲಿಂದ ಬಿಡಿಸಿಕೊಂಡರು. ಆ ಸಿಟ್ಟಿನ ಮೇಲೆ ಒಂದು ಹಾಡೇ ಕಟ್ಟಿ ಹೊಸ ಆಲ್ಬಮ್ಮಿನ ಮೊದಲಿಗೆ ಇಟ್ಟರು. ಆಲ್ಬಮ್ಮಿನ ಹೆಸರು ‘ಎ ನೈಟ್ ಅಟ್ ದಿ ಒಪೆರಾ’. ಮಾರ್ಕ್ಸ್ ಸಹೋದರರ ಹಳೇ ನಗೆ ಸಿನಿಮಾದ ಹೆಸರದು.

ಅದರಲ್ಲೇ ‘ಬೊಹೀಮಿಯನ್ ರಾಪ್ಸಡಿ’ ಇರುವುದು, ನಮ್ಮ ಹಿರಿಯರ ಪಿಕಪ್ಪಿನ ಹಾಡು. 5 ನಿಮಿಷ 55 ಸೆಕೆಂಡು. ಪಲ್ಲವಿ ಅಂತಿಲ್ಲ. ಪಿಯಾನೊ ಜೊತೆ ಮೆಲ್ಲಗೆ ಶುರುವಾಗಿ, ಗಿಟಾರಿಗೆ ಹೋಗಿ, ಇದ್ದಕ್ಕಿದ್ದಂತೆ ಒಪೆರಾ ಆಗಿ, ಅಲ್ಲಿಂದ ಗಡಗಡ ರಾಕ್ ಆಗಿ, ಕೊನೆಗೆ ಮತ್ತೆ ಮೆಲ್ಲಗೆ. ಆ ಒಪೆರಾ ಭಾಗದಲ್ಲಿ ನೂರು ಜನರ ಮೇಳ ಹಾಡಿದಂತೆ ಕೇಳುತ್ತದಲ್ಲ, ಹಾಡಿದವರು ಮೂರೇ ಜನ. ಮೇ ಕೆಳಗಿನ ದನಿ, ಫ್ರೆಡ್ಡಿ ನಡುವಿನದು, ಟೇಲರ್ ತಾರಕ. ಆಗ ಕಂಪ್ಯೂಟರ್ ಇರಲಿಲ್ಲ, 24 ಟ್ರ್ಯಾಕಿನ ಟೇಪು. ಒಮ್ಮೆ ಹಾಡಿದ್ದರ ಮೇಲೆ ಮತ್ತೆ ಹಾಡುವುದು, ಎರಡನ್ನೂ ಕೂಡಿಸಿ ಒಂದು ಟ್ರ್ಯಾಕಿಗೆ ಇಳಿಸುವುದು, ಜಾಗ ಆದಲ್ಲಿ ಮತ್ತೆ ಹಾಡುವುದು. ನಿರ್ಮಾಪಕ ರಾಯ್ ಥಾಮಸ್ ಬೇಕರ್ ಜೊತೆ ಈ ಒಂದು ಭಾಗಕ್ಕೇ ಸುಮಾರು ಮೂರು ವಾರ, ದಿನಕ್ಕೆ ಹತ್ತು ಹನ್ನೆರಡು ತಾಸು. ಟೇಪನ್ನು ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ಸವೆದಿತ್ತು ಎಂದು ಮೇ ಹೇಳಿಕೊಂಡಿದ್ದಾರೆ. ಪಾಳಿ ದುಡಿತ ನಮಗೆ ಮಾತ್ರ ಅಂದುಕೊಂಡಿದ್ದೆ.

ಸಾಲುಗಳ ಅರ್ಥ ಏನು ಅಂತ ಕೇಳಿದವರಿಗೆ ಫ್ರೆಡ್ಡಿ ಕೊನೆಯವರೆಗೂ ಬಿಡಿಸಿ ಹೇಳಲಿಲ್ಲ. ಗೆಲಿಲಿಯೊ ಬರುತ್ತಾನೆ, ಇಟಲಿಯ ನಾಟಕದ ವಿದೂಷಕ ಬರುತ್ತಾನೆ, ಅವರ ನಡುವೆ ಒಂದು ಅರಬ್ಬಿ ಮಾತು, ಬಿಸ್ಮಿಲ್ಲಾ. ಲಂಡನ್ನಿನ ಪಂಡಿತರು ಇದಕ್ಕೆ ಏನೇನೋ ವ್ಯಾಖ್ಯಾನ ಬರೆದಿದ್ದಾರೆ. ನಮ್ಮ ಹಿರಿಯರಿಗೆ ವ್ಯಾಖ್ಯಾನ ಬೇಡ. ಸ್ಟೋನ್ ಟೌನಿನ ಓಣಿಯಲ್ಲಿ ಬೆಳೆದ ಹುಡುಗನ ಕಿವಿಯಲ್ಲಿ ಆ ಮಾತು ಇಲ್ಲದೆ ಇರುತ್ತದೆಯೇ ಅನ್ನುತ್ತಾರೆ.

ಇಷ್ಟುದ್ದದ ಹಾಡನ್ನು ರೇಡಿಯೊದವರು ಹಾಕುವುದಿಲ್ಲ ಅಂತ ಕಂಪನಿಯವರು ಹೆದರಿದರು. ಕ್ಯಾಪಿಟಲ್ ರೇಡಿಯೊದ ಕೆನ್ನಿ ಎವೆರೆಟ್ ಒಂದೇ ವಾರಾಂತ್ಯದಲ್ಲಿ 14 ಸಲ ಹಾಕಿಬಿಟ್ಟ. ಸೋಮವಾರ ಜನ ಅಂಗಡಿಗೆ ಹೋಗಿ ಕೇಳಿದರೆ ರೆಕಾರ್ಡು ಇನ್ನೂ ಬಂದೇ ಇಲ್ಲ! ಬಂದ ಮೇಲೆ ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನ. ಟೀವಿಗೆಂದು ಬ್ರೂಸ್ ಗೋವರ್ಸ್ ಕೆಲವೇ ತಾಸುಗಳಲ್ಲಿ ಚಿತ್ರಿಸಿದ, ಕತ್ತಲಲ್ಲಿ ನಾಲ್ಕು ಮುಖ ತೇಲುವ ಆ ದೃಶ್ಯವೇ ಮುಂದಿನ ಸಂಗೀತ ವಿಡಿಯೊಗಳಿಗೆ ದಾರಿಯಾಯಿತು.

ಇನ್ನು 1985ರ ಜುಲೈ 13, ವೆಂಬ್ಲಿಯ ‘ಲೈವ್ ಏಡ್’, 72,000 ಜನ. ಅದನ್ನು ಬಣ್ಣಿಸುವುದಕ್ಕಿಂತ ಯೂಟ್ಯೂಬಿನಲ್ಲಿ ನೋಡುವುದೇ ಮೇಲು. ಇಪ್ಪತ್ತು ನಿಮಿಷದ ಚಿಲ್ಲರೆ. ಕೆಳಗಿನ ಕಾಲಿಲ್ಲದ ಅರ್ಧ ಮೈಕ್ ಕೋಲು ಹಿಡಿದು ಆತ ಜನರಿಂದ ಹಾಡಿಸುವುದನ್ನು ನೋಡಿ. ‘ವನ್ಸ್ ಮೋರ್’ ಕೂಗುವ ನಮ್ಮ ನಾಟಕದ ಮಂದಿಯೂ ಸುಸ್ತಾಗಬೇಕು.

ಆದರೆ ಹೊಗಳಿಯೇ ಮುಗಿಸಲು ನನಗೆ ಮನಸ್ಸಿಲ್ಲ. ಅದರ ಹಿಂದಿನ ವರ್ಷ, 1984ರ ಅಕ್ಟೋಬರಿನಲ್ಲಿ, ಇದೇ ಬ್ಯಾಂಡ್ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಹಾಡಿತು. ವರ್ಣಭೇದದ ಕಾಲ. ಅಲ್ಲಿ ಹಾಡಬೇಡಿ ಅಂತ ಬಹಿಷ್ಕಾರವಿತ್ತು. ನಮಗೆ ರಾಜಕೀಯ ಬೇಡ, ಕೇಳುವವರಿಗೆ ಹಾಡುತ್ತೇವೆ ಅಂದರು. ವಿಶ್ವಸಂಸ್ಥೆಯ ಕಪ್ಪುಪಟ್ಟಿಗೆ ಸೇರಿದರು. ಮೈಬಣ್ಣದ ಕಾರಣಕ್ಕೆ ಬಾಗಿಲು ಹಾಕುವ ಕಾಯ್ದೆಯಿಂದ ನಾಲ್ಕು ವರ್ಷದಲ್ಲಿ ತಪ್ಪಿಸಿಕೊಂಡು ಬಂದ ಮನೆಯ ಹುಡುಗ ಅಲ್ಲಿ ಹೋಗಿ ನಿಂತದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಫರ್ರೋಖ್ ಅನ್ನುವವನನ್ನು ಅಷ್ಟು ದೂರ ಬಿಟ್ಟುಬಂದಿದ್ದನೇ?

ಬಿಟ್ಟಿದ್ದ ಅಂತಲೇ ಕಾಣುತ್ತದೆ. ಸಂದರ್ಶನಗಳಲ್ಲಿ ಜಂಜಿಬಾರ್, ಪಂಚಗಣಿಯ ಮಾತು ಬಹಳ ಅಪರೂಪ. ಆದರೂ ಅವನನ್ನು ತಪ್ಪು ಅನ್ನಲು ನಾಲಿಗೆ ಏಳುವುದಿಲ್ಲ. ನಾನು ಮೊದಲು ಕೆಲಸ ಮಾಡಿದ ಜಾಗದಲ್ಲಿ ನನ್ನ ಐದಕ್ಷರದ ಹೆಸರನ್ನು ಎರಡಕ್ಷರಕ್ಕೆ ಇಳಿಸಿ ಕಾರ್ಡ್ ಮಾಡಿಕೊಟ್ಟರು. ಮೊದಲ ತಿಂಗಳು ಸಿಟ್ಟು. ಆರು ತಿಂಗಳಿಗೆ ಆ ಹೆಸರಿಗೇ ಓಗೊಡುತ್ತಿದ್ದೆ. ಈಗ ಊರಿಗೆ ಫೋನ್ ಮಾಡಿದಾಗ ಅವ್ವ ಪೂರ್ತಿ ಹೆಸರು ಹಿಡಿದು ಕರೆದರೆ ಒಂದು ಕ್ಷಣ ಬೇರೆ ಯಾರನ್ನೋ ಕರೆದಂತೆ ಅನಿಸುತ್ತದೆ. ನನಗೆ ಬೇರೆಯವರು ಇಟ್ಟರು, ಅವನು ತಾನೇ ಇಟ್ಟುಕೊಂಡ, ಅಷ್ಟೇ ವ್ಯತ್ಯಾಸ.

1987ರಲ್ಲಿ ಆತ ಸ್ಪೇನಿನ ನಿಜವಾದ ಒಪೆರಾ ಗಾಯಕಿ ಮೊಂಟ್ಸೆರಾಟ್ ಕಾಬಾಯೆ ಜೊತೆ ‘ಬಾರ್ಸಿಲೋನಾ’ ಹಾಡಿದ. ತಮಾಷೆಯಾಗಿ ಶುರುವಾದ ಒಪೆರಾ ಅಲ್ಲಿ ತಮಾಷೆಯಾಗಿ ಉಳಿದಿರಲಿಲ್ಲ. ಅಷ್ಟರಲ್ಲಿ ಏಡ್ಸ್ ಅಂಟಿತ್ತು. ರೋಗದ ಸುದ್ದಿಯನ್ನು ಲೋಕಕ್ಕೆ ಹೇಳಿದ್ದು 1991ರ ನವೆಂಬರ್ 23ಕ್ಕೆ, ತೀರಿಕೊಂಡದ್ದು ಮರುದಿನ, 45ನೇ ವಯಸ್ಸಿಗೆ. ಅಂತ್ಯಕ್ರಿಯೆ ನಡೆಸಿದವರು ಪಾರ್ಸಿ ಪುರೋಹಿತರು. ಅಷ್ಟು ವರ್ಷ ವೇದಿಕೆಯ ಮೇಲೆ ಕಾಣಿಸದ ಮನೆ ಕೊನೆಗೆ ಬಂದು ಕರಕೊಂಡು ಹೋಯಿತು.

2013ರಲ್ಲಿ ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಒಂದು ಸಣ್ಣ ಫಲಕ ಜನರ ಕಣ್ಣಿಗೆ ಬಿತ್ತು. ಅದರ ಮೇಲೆ ಫರ್ರೋಖ್ ಬುಲ್ಸಾರಾ ಅಂತ ಇತ್ತು. ಸುದ್ದಿಯಾದ ಸ್ವಲ್ಪ ದಿನಕ್ಕೆ ಫಲಕ ಮಾಯ. 2016ರಲ್ಲಿ ಫೆಲ್ಥಮ್ಮಿನ ಹಳೇ ಮನೆಗೆ ಸ್ಮಾರಕದವರು ನೀಲಿ ಫಲಕ ಹಾಕಿದರು. ಅದರಲ್ಲಿ ಫ್ರೆಡ್ಡಿ ಮರ್ಕ್ಯುರಿ ಅಂತ ಬರೆದು, ಪಕ್ಕದಲ್ಲಿ ಫ್ರೆಡ್ ಬುಲ್ಸಾರಾ ಅಂತ ಸೇರಿಸಿದ್ದಾರೆ. ಅರ್ಧ ಅದು, ಅರ್ಧ ಇದು. ಸ್ಟೋನ್ ಟೌನಿನಲ್ಲೂ 2019ರಲ್ಲಿ ಒಂದು ಮ್ಯೂಸಿಯಂ ತೆರೆದಿದೆ.

ಇದನ್ನೆಲ್ಲ ಓದಿ ಹಿರಿಯರಿಗೆ ಒಪ್ಪಿಸಿದೆ. “ನಾನು ಮೊದಲೇ ಹೇಳಿದ್ದೆನಲ್ಲ” ಅಂದರು, ಅಷ್ಟೇ. ಬರ್ಕಾಕ್ಕೆ ಹೋಗುವಾಗ ಆ ಹಾಡು ಈಗಲೂ ಹಾಕುತ್ತಾರೆ. ಒಪೆರಾ ಭಾಗ ಬಂದಾಗ ತಾರಕದ ದನಿ ಅವರದು, ಕೆಳಗಿನದನ್ನು ನನಗೆ ಬಿಟ್ಟಿದ್ದಾರೆ.